ಮಗುವಿನ ಅಳತೆಗೆ ಕೋಣೆ ಮಾಡಿದ ಡಾಕ್ಟರ್: ಮರಿಯಾ ಮಾಂಟೆಸ್ಸರಿ

ಪ್ರತಿ ಸಂಚಿಕೆಯಲ್ಲೂ ಒಬ್ಬ ಸಾಧಕರ ಬದುಕನ್ನು ಬರೆಯುವುದು ನಮ್ಮ ಕಾಲೇಜು ಪತ್ರಿಕೆಯ ರೂಢಿ. ಈ ಸಲ ನನ್ನ ಸರದಿ ಬಂದಾಗ ನಾನು ಮರಿಯಾ ಮಾಂಟೆಸ್ಸರಿ ಅವರ ಹೆಸರು ಹೇಳಿದೆ. ತರಗತಿಯಲ್ಲಿ ಒಂದಿಬ್ಬರು ನಕ್ಕರು. ನಮ್ಮ ಚಿತ್ರದುರ್ಗದಲ್ಲಿ ಮಾಂಟೆಸ್ಸರಿ ಎಂದರೆ ಎಲ್‌ಕೆಜಿಗಿಂತ ಮೊದಲು ಮಕ್ಕಳನ್ನು ಸೇರಿಸುವ ತರಗತಿ, ಇಲ್ಲವೇ ಬೆಳಿಗ್ಗೆ ಬೀದಿಯಲ್ಲಿ ಹಾರ್ನ್ ಹೊಡೆಯುವ ಶಾಲಾ ವ್ಯಾನಿನ ಮೇಲಿನ ಬರಹ. ಅದೊಬ್ಬ ಹೆಣ್ಣುಮಗಳ ಹೆಸರು, ಆಕೆ ವೈದ್ಯೆಯಾಗಿದ್ದರು, ಬದುಕಿನ ಹಲವು ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದರು ಎಂಬುದು ಕಳೆದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಒಂದು ಜಗಳದಿಂದ. ನಮ್ಮದು ಬಾಡಿಗೆ ಮನೆ. ಎರಡು ಕೋಣೆ, ಒಂದು ಅಡುಗೆಮನೆ. ನಾನಿ, ಅಮ್ಮಿ, ಅಬ್ಬಾ, ನಾನು, ನಾಲ್ಕು ವರ್ಷದ ತಮ್ಮ. ಅಬ್ಬಾ ಬಡಗಿ ಕೆಲಸ ಮಾಡುತ್ತಾರೆ. ಮುಂದಿನ ಕೋಣೆಯಲ್ಲಿ ಅವರ ಹತಾರದ ಪೆಟ್ಟಿಗೆ, ನಾನಿಯ ಮಂಚ, ನನ್ನ ಪುಸ್ತಕಗಳು. ಹಿಂದಿನ ಕೋಣೆಯಲ್ಲಿ ಬೀರು, ಅಕ್ಕಿ ಡ್ರಮ್ಮು, ಹಾಸಿಗೆಯ ರಾಶಿ. ತಮ್ಮನಿಗೆ ಎಂದು ಒಂದು ಮೊಳ ಜಾಗವೂ ಇರಲಿಲ್ಲ. ಇರಬೇಕೆಂದು ನಮಗೆ ಹೊಳೆದೂ ಇರಲಿಲ್ಲ. ಅವನು ಅಬ್ಬಾನ ಕೆಂಪು ಪೆನ್ಸಿಲಿನಿಂದ ಬಾಗಿಲ ಪಕ್ಕದ ಗೋಡೆಯ ಮೇಲೆ ಗೀಚುತ್ತಿದ್ದ. ಬಾಡಿಗೆಗೆಂದು ಬಂದ ಮನೆ ಮಾಲೀಕರು ಅದನ್ನು ನೋಡಿ, ಸುಣ್ಣಬಣ್ಣದ ಖರ್ಚನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತೇನೆ, ಹೀಗೇ ಆದರೆ ಬೇರೆ ಮನೆ ನೋಡಿಕೊಳ್ಳಿ ಎಂದು ಹೋದರು. ಅದೇ ವಾರ ಅವನು ನನ್ನ ಶಿಕ್ಷಣಶಾಸ್ತ್ರದ ಪ್ರಾಜೆಕ್ಟ್ ಪುಸ್ತಕದ ಮೂರು ಹಾಳೆಯ ತುಂಬ ಸ್ಕೆಚ್ ಪೆನ್ನು ಎಳೆದ. ನಾನು ಹೊಡೆದೆ. ಮೆಲ್ಲಗೆ ಅಲ್ಲ. ಅವನು ಬಾಗಿಲ ಸಂದಿಯಲ್ಲಿ ಹೋಗಿ ಕೂತ. ಅಳು ನಿಂತ ಮೇಲೂ ಹೊರಗೆ ಬರಲಿಲ್ಲ. ಆ ಮನೆಯಲ್ಲಿ ಅವನ ಗಾತ್ರಕ್ಕೆ ಸರಿಹೊಂದುವ ಜಾಗ ಅದೊಂದೇ ಎಂದು ಆಗ ನನಗೆ ಅರ್ಥವಾಗಲಿಲ್ಲ.

ಪ್ರಾಜೆಕ್ಟನ್ನು ಹೊಸದಾಗಿ ಬರೆಯಬೇಕಾಯಿತು. ಗ್ರಂಥಾಲಯದಲ್ಲಿ ಕೈಗೆ ಸಿಕ್ಕ ಅತಿ ತೆಳ್ಳಗಿನ ಪುಸ್ತಕ ಮಾಂಟೆಸ್ಸರಿ ಅವರದು. ತೆಳ್ಳಗಿದೆ, ಬೇಗ ಮುಗಿಯುತ್ತದೆ ಎಂದೇ ತೆಗೆದುಕೊಂಡೆ. ಓದುತ್ತಾ ಹೋದಾಗ ನಮ್ಮ ಮನೆಯ ಗೋಡೆಯೇ ಅದರೊಳಗೆ ಇದ್ದಂತಿತ್ತು.

ಮರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯಾರವಾಲ್ಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರ್ಕಾರದ ಹಣಕಾಸು ಇಲಾಖೆಯ ನೌಕರರು. ತಾಯಿ ರೆನಿಲ್ಡೆ ಆ ಕಾಲಕ್ಕೆ ಚೆನ್ನಾಗಿ ಓದಿಕೊಂಡವರು. ತಂದೆಗೆ ವರ್ಗವಾದ ಕಡೆಗೆಲ್ಲ ಹೋಗಿ, ಮರಿಯಾ ಐದು ವರ್ಷದವರಿದ್ದಾಗ ಕುಟುಂಬ ರೋಮ್ ನಗರಕ್ಕೆ ಬಂತು. ಹೆಣ್ಣುಮಕ್ಕಳು ಓದಿದರೆ ಶಿಕ್ಷಕಿಯಾಗುವುದು, ಇಲ್ಲದಿದ್ದರೆ ಮದುವೆ, ಇಷ್ಟೇ ಆ ಕಾಲದ ದಾರಿ. ಇವರು ಹದಿಮೂರನೆಯ ವಯಸ್ಸಿಗೆ ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆಗೆ ಸೇರಿದರು. ಮೊದಲು ಎಂಜಿನಿಯರ್ ಆಗುವ ಆಸೆ, ಆಮೇಲೆ ವೈದ್ಯೆಯಾಗುವ ಹಟ. ತಂದೆಗೆ ಇದು ಹಿಡಿಸಲಿಲ್ಲ. ತಾಯಿ ಬೆನ್ನಿಗೆ ನಿಂತರು.

1890ರಲ್ಲಿ ರೋಮ್ ವಿಶ್ವವಿದ್ಯಾಲಯಕ್ಕೆ ಸೇರಿ ಮೊದಲು ವಿಜ್ಞಾನ, ನಂತರ ವೈದ್ಯಕೀಯ ಓದಿದರು. ಹೆಣದ ಕೊಯ್ತದ ಪಾಠವನ್ನು ಗಂಡಸರ ಜೊತೆ ಕಲಿಯುವಂತಿರಲಿಲ್ಲ. ಹುಡುಗರೆಲ್ಲ ಮನೆಗೆ ಹೋದ ಮೇಲೆ, ಸಂಜೆ, ಒಬ್ಬರೇ ಆ ಕೋಣೆಯಲ್ಲಿ ನಿಂತು ಕಲಿಯಬೇಕಿತ್ತು. ನಮ್ಮಲ್ಲಿ ಹೊಳಲ್ಕೆರೆ, ಹೊಸದುರ್ಗದಿಂದ ಬಸ್ಸಿನಲ್ಲಿ ಬರುವ ಹುಡುಗಿಯರು ಸಂಜೆ ಸ್ಪೆಷಲ್ ಕ್ಲಾಸ್ ಇಟ್ಟರೆ ಕೊನೆಯ ಬಸ್ಸಿನ ಚಿಂತೆಯಲ್ಲಿ ಗಡಿಯಾರ ನೋಡುತ್ತಿರುತ್ತಾರೆ. ಅವರಿಗೆ ಈ ಸಂಜೆಗಳ ಕಷ್ಟವನ್ನು ನಾನು ಬಿಡಿಸಿ ಹೇಳಬೇಕಿಲ್ಲ. 1896ರಲ್ಲಿ ಅವರು ವೈದ್ಯಕೀಯ ಪದವಿ ಪಡೆದರು. ಇಟಲಿಯ ಮೊಟ್ಟಮೊದಲ ಮಹಿಳಾ ವೈದ್ಯೆ ಎಂದು ಕೆಲವು ಕಡೆ ಬರೆದಿರುತ್ತಾರೆ, ಅದು ಸರಿಯಲ್ಲ. ಮೊದಲ ಕೆಲವರಲ್ಲಿ ಒಬ್ಬರು. ಬೇಡ ಎನ್ನುತ್ತಿದ್ದ ತಂದೆ ಕೊನೆಗೆ ಮಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದದ್ದನ್ನೆಲ್ಲ ಕತ್ತರಿಸಿ ಅಂಟಿಸಿ ಒಂದು ದೊಡ್ಡ ಪುಸ್ತಕವನ್ನೇ ಮಾಡಿದರು.

ವೈದ್ಯೆಯಾಗಿ ಅವರು ಸೇರಿದ್ದು ವಿಶ್ವವಿದ್ಯಾಲಯದ ಮನೋವೈದ್ಯಕೀಯ ವಿಭಾಗಕ್ಕೆ. ಆ ಕೆಲಸದ ಮೇಲೆ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗುತ್ತಿದ್ದರು. ಬುದ್ಧಿಮಾಂದ್ಯ ಮಕ್ಕಳನ್ನು ಆಗ ದೊಡ್ಡ ರೋಗಿಗಳ ಜೊತೆಗೇ ಕೂಡಿಹಾಕುತ್ತಿದ್ದರು. ಅಂಥ ಒಂದು ಕಡೆ ಕಂಡ ದೃಶ್ಯವನ್ನು ಅವರ ಜೀವನಚರಿತ್ರೆ ಬರೆದವರೆಲ್ಲ ಹೇಳುತ್ತಾರೆ. ಬರೀ ಗೋಡೆಗಳ ಕೋಣೆ, ಒಂದು ವಸ್ತುವೂ ಇಲ್ಲ. ಊಟವಾದ ಮೇಲೆ ಮಕ್ಕಳು ನೆಲದ ಮೇಲೆ ಬಿದ್ದ ಬ್ರೆಡ್ಡಿನ ಚೂರುಗಳಿಗೆ ಮುಗಿಬೀಳುತ್ತಿದ್ದರು. ನೋಡಿಕೊಳ್ಳುವ ಹೆಂಗಸು ಅದನ್ನು ಹೊಟ್ಟೆಬಾಕತನ ಎಂದು ಅಸಹ್ಯಪಟ್ಟುಕೊಂಡಳು. ಮರಿಯಾ ಸುತ್ತ ಕಣ್ಣು ಹಾಯಿಸಿದರು. ಆ ಕೋಣೆಯಲ್ಲಿ ಕೈಯಲ್ಲಿ ಹಿಡಿಯುವುದಕ್ಕೆ ಆ ಚೂರುಗಳನ್ನು ಬಿಟ್ಟರೆ ಏನೂ ಇರಲಿಲ್ಲ. ಮಕ್ಕಳ ಹಸಿವು ಹೊಟ್ಟೆಯದಲ್ಲ, ಕೈಯದು ಎಂದು ಅವರಿಗೆ ತೋರಿತು.

ಇದನ್ನು ಓದಿದ ರಾತ್ರಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ನನ್ನ ತಮ್ಮನ ಕೈಗೆ ಸಿಗುವುದು ಅಬ್ಬಾನ ಪೆನ್ಸಿಲ್, ಎದುರಿಗೆ ಇರುವುದು ಗೋಡೆ.

ಅವರ ಹಿಂದೆಯೇ ಇಂಥ ಮಕ್ಕಳಿಗಾಗಿ ದುಡಿದಿದ್ದ ಫ್ರಾನ್ಸಿನ ಇಬ್ಬರು ವೈದ್ಯರಿದ್ದರು, ಇಟಾರ್ಡ್ ಮತ್ತು ಸೆಗ್ವಿನ್. ಮರಿಯಾ ಅವರ ಬರಹಗಳನ್ನು ಹುಡುಕಿ ಓದಿದರು. 1900ರಲ್ಲಿ ಬುದ್ಧಿಮಾಂದ್ಯ ಮಕ್ಕಳ ಶಿಕ್ಷಕರನ್ನು ತಯಾರು ಮಾಡುವ ಒಂದು ಸಂಸ್ಥೆ ರೋಮ್‌ನಲ್ಲಿ ಶುರುವಾದಾಗ ಅದರ ಇಬ್ಬರು ನಿರ್ದೇಶಕರಲ್ಲಿ ಇವರೊಬ್ಬರು. ಮರದ ಅಚ್ಚು, ಮಣಿ, ಬಟ್ಟೆ ಚೂರು, ಮುಟ್ಟಿ ನೋಡುವ ಅಕ್ಷರ, ಹೀಗೆ ಕೈಯಿಂದ ಕಲಿಸಿದಾಗ ಕೆಲವು ಮಕ್ಕಳು ಸಾಮಾನ್ಯ ಮಕ್ಕಳ ಪರೀಕ್ಷೆಯಲ್ಲೇ ಪಾಸಾದರು. ಜನ ಹೊಗಳಿದರು. ಅವರಿಗೆ ಮಾತ್ರ ಬೇರೆ ಪ್ರಶ್ನೆ ಹುಟ್ಟಿತು. ಈ ಮಕ್ಕಳೇ ಇಷ್ಟು ಮಾಡಬಹುದಾದರೆ, ಆರೋಗ್ಯವಂತ ಮಕ್ಕಳನ್ನು ಶಾಲೆಗಳು ಎಂಥ ಸ್ಥಿತಿಯಲ್ಲಿ ಇಟ್ಟಿವೆ?

ಇಲ್ಲಿ ಒಂದು ವಿಷಯವನ್ನು ಬರೆಯಬೇಕೋ ಬಿಡಬೇಕೋ ಎಂದು ಯೋಚಿಸಿದೆ. ಬಿಟ್ಟರೆ ಆಕೆಯ ಬದುಕು ಅರ್ಧವೇ ಆಗುತ್ತದೆ. ಅದೇ ಸಂಸ್ಥೆಯ ಇನ್ನೊಬ್ಬ ನಿರ್ದೇಶಕ ವೈದ್ಯರಿಂದ 1898ರಲ್ಲಿ ಅವರಿಗೆ ಒಬ್ಬ ಮಗ ಹುಟ್ಟಿದ್ದ. ಹೆಸರು ಮಾರಿಯೊ. ಮದುವೆ ನಡೆಯಲಿಲ್ಲ. ಆ ವೈದ್ಯರು ಬೇರೆ ಮದುವೆಯಾದರು. ವಿಷಯ ಹೊರಬಿದ್ದರೆ ಅಂದಿನ ಸಮಾಜದಲ್ಲಿ ಅವರ ಕೆಲಸ, ಹೆಸರು ಯಾವುದೂ ಉಳಿಯುತ್ತಿರಲಿಲ್ಲ. ಮಗುವನ್ನು ರೋಮ್ ಹೊರಗಿನ ಹಳ್ಳಿಯೊಂದರ ಕುಟುಂಬಕ್ಕೆ ಸಾಕಲು ಕೊಟ್ಟರು. ಆಗಾಗ ಹೋಗಿ ನೋಡಿಕೊಂಡು ಬರುತ್ತಿದ್ದರು. ತಾನು ಯಾರೆಂದು ಹೇಳಿಕೊಳ್ಳುವಂತಿರಲಿಲ್ಲ. ಸರಿ ತಪ್ಪು ತೀರ್ಪು ಕೊಡಲು ನಾನು ಯಾರೂ ಅಲ್ಲ. ಮುಂದೆ ಜಗತ್ತಿನ ಮಕ್ಕಳಿಗೆಲ್ಲ ಮನೆ ಹೇಗಿರಬೇಕು ಎಂದು ಹೇಳಿಕೊಟ್ಟ ಆ ತಾಯಿಗೆ ತನ್ನ ಮಗುವನ್ನು ತನ್ನ ಮನೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ ಎಂಬುದನ್ನು ಮಾತ್ರ ನೆನಪಿಟ್ಟುಕೊಂಡು ಮುಂದಿನದನ್ನು ಓದಿ.

ರೋಮ್ ನಗರದ ಸ್ಯಾನ್ ಲೊರೆಂಜೊ ಬಡವರ ಬಡಾವಣೆ. ಮನೆ ಕಟ್ಟುವ ಭರಾಟೆಯಲ್ಲಿ ಎದ್ದು, ದುಡ್ಡು ಮುಗಿದು ಅರ್ಧಕ್ಕೆ ನಿಂತ ದೊಡ್ಡ ದೊಡ್ಡ ಕಟ್ಟಡಗಳು. ಅವುಗಳೊಳಗೆ ಒತ್ತೊತ್ತಾಗಿ ಸೇರಿಕೊಂಡ ಕೂಲಿ ಜನ. ಒಂದು ಸಂಸ್ಥೆ ಆ ಕಟ್ಟಡಗಳನ್ನು ಕೊಂಡು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ, ದೊಡ್ಡ ಮಕ್ಕಳು ಶಾಲೆಗೆ. ಉಳಿದ ಸಣ್ಣವರು ದಿನವಿಡೀ ಮೆಟ್ಟಿಲ ಮೇಲೆ ಓಡಾಡುತ್ತಾ ಹೊಸ ಸುಣ್ಣದ ಗೋಡೆಗಳನ್ನು ಗೀಚಿ ಕೆರೆದು ಹಾಳುಮಾಡುತ್ತಿದ್ದರು. ಸಂಸ್ಥೆಯವರಿಗೆ ಗೋಡೆಯ ಚಿಂತೆ. ಪ್ರತಿ ಸಲ ದುರಸ್ತಿ ಮಾಡಿಸುವ ಖರ್ಚಿನಲ್ಲಿ ಈ ಮಕ್ಕಳನ್ನು ಒಂದು ಕೋಣೆಯಲ್ಲಿ ಕೂರಿಸಿ ನೋಡಿಕೊಳ್ಳಲು ಯಾರನ್ನಾದರೂ ಇಡುವುದು ಅಗ್ಗ ಎಂದು ಲೆಕ್ಕ ಹಾಕಿ ಡಾಕ್ಟರ್ ಮಾಂಟೆಸ್ಸರಿಯವರನ್ನು ಕರೆದರು. ಇಂದು ಜಗತ್ತಿನಾದ್ಯಂತ ಹರಡಿರುವ ಒಂದು ಶಿಕ್ಷಣ ಪದ್ಧತಿ ಶುರುವಾಗಿದ್ದು ಬಾಡಿಗೆ ಮನೆಯ ಗೋಡೆಯ ಗೀಚಿನಿಂದ! ನಮ್ಮ ಮನೆ ಮಾಲೀಕರಿಗೆ ಇದನ್ನು ಹೇಳಬೇಕೆಂದು ಬಹಳ ಅನ್ನಿಸಿತು. ಹೇಳಲಿಲ್ಲ.

1907ರ ಜನವರಿ 6ರಂದು ಆ ಕಟ್ಟಡದ ಒಂದು ಕೋಣೆಯಲ್ಲಿ ಮಕ್ಕಳ ಮನೆ ತೆರೆಯಿತು. ಇಟಲಿಯ ಭಾಷೆಯಲ್ಲಿ ಕಾಸಾ ದೇ ಬಂಬಿನಿ. ಸುಮಾರು ಐವತ್ತು ಮಕ್ಕಳು, ಎರಡು ಮೂರರಿಂದ ಆರು ಏಳು ವರ್ಷದವರು. ಒಂದೇ ಥರದ ಬಟ್ಟೆ ತೊಡಿಸಿ ಕರೆತಂದಾಗ ಎಲ್ಲರೂ ಹೆದರಿ ಅಳುತ್ತಿದ್ದರಂತೆ. ಮೊದಲು ಅಲ್ಲಿ ಇದ್ದದ್ದು ಕಚೇರಿಯಲ್ಲಿ ಇರುವಂಥ ಸಾಮಾನು. ಮೇಜು, ಬೀಗ ಹಾಕಿದ ಬೀರು. ಕಲಿಕೆಯ ವಸ್ತುಗಳನ್ನು ಶಿಕ್ಷಕಿ ಬೀಗ ತೆಗೆದು ಹಂಚಿ, ಮತ್ತೆ ಎಣಿಸಿ ಒಳಗಿಡಬೇಕು.

ಒಂದು ದಿನ ಶಿಕ್ಷಕಿ ಬೀಗ ಹಾಕಲು ಮರೆತರು. ಬಂದು ನೋಡಿದರೆ ಮಕ್ಕಳು ತಾವೇ ಬೀರು ತೆರೆದು ಬೇಕಾದ್ದನ್ನು ತೆಗೆದುಕೊಂಡು ಕೆಲಸ ಶುರುಮಾಡಿದ್ದಾರೆ. ಶಿಕ್ಷಕಿ ಅದನ್ನು ಕಳ್ಳತನ ಎಂದುಕೊಂಡರು. ಡಾಕ್ಟರ್‌ಗೆ ಹಾಗೆ ಕಾಣಲಿಲ್ಲ. ಯಾವ ವಸ್ತು ಎಲ್ಲಿದೆ, ತನಗೆ ಯಾವುದು ಬೇಕು ಎಂದು ಮಗುವಿಗೆ ಗೊತ್ತಿದೆ, ಆರಿಸಿಕೊಳ್ಳಲು ಬಿಟ್ಟಿಲ್ಲ ಅಷ್ಟೆ. ಆಮೇಲೆ ಎತ್ತರದ ಬೀರು ಹೋಗಿ, ಬಾಗಿಲಿಲ್ಲದ, ಉದ್ದನೆಯ, ಮಗುವಿನ ಎದೆಮಟ್ಟದ ಕಪಾಟು ಬಂತು.

ಈ ಸಾಮಾನುಗಳ ವಿಷಯವನ್ನು ನಾನು ಅಬ್ಬಾನಿಗೆ ಓದಿ ಹೇಳಿದೆ. ಬಡಗಿಗೆ ಅದರಲ್ಲಿ ಆಸಕ್ತಿ ಇರುತ್ತದೆ. ಡಾಕ್ಟರ್ ತಾವೇ ಅಳತೆ ಹೇಳಿ ಮಾಡಿಸಿದ ಮೇಜುಗಳು ಅಲ್ಲಾಡದಂತೆ ಗಟ್ಟಿ ಕಾಲಿನವು. ಆದರೆ ನಾಲ್ಕು ವರ್ಷದ ಇಬ್ಬರು ಮಕ್ಕಳು ಎತ್ತಿಕೊಂಡು ಹೋಗುವಷ್ಟು ಹಗುರ. ಪುಟ್ಟ ಕುರ್ಚಿಗಳು. ಮೂರು ವರ್ಷದ ಮಗುವಿನ ಕೈಗೆಟುಕುವ ಕೈತೊಳೆಯುವ ಜಾಗ, ಪಕ್ಕದಲ್ಲೇ ಸೋಪು, ಟವೆಲ್ಲು ಇಡುವ ಹಲಗೆ. ಗೋಡೆಗೆ ಕೆಳಗೆ ಇಳಿಸಿ ಹೊಡೆದ ಕಪ್ಪುಹಲಗೆ, ಗೀಚುವವರಿಗೆ ಗೀಚಲು. ಜೊತೆಗೆ ರಾಫೆಲ್ ಬಿಡಿಸಿದ ತಾಯಿ ಮಗುವಿನ ಚಿತ್ರ, ನಾವು ಹಜ್ರತ್ ಮರಿಯಮ್ ಎನ್ನುವ ಆ ತಾಯಿಯದೇ. ಅಂಗಳದಲ್ಲಿ ತೋಟ. ಊಟಕ್ಕೆ ತಗಡಿನ ತಟ್ಟೆ ಸಾಕು ಎನ್ನುವವರ ಮಾತು ಕೇಳದೆ ಪಿಂಗಾಣಿಯದನ್ನೇ ಇಟ್ಟರು.

ಅಬ್ಬಾನಿಗೆ ಇದು ಒಪ್ಪಿಗೆಯಾಗಲಿಲ್ಲ. ಹಗುರವಾದ ಕುರ್ಚಿ ಬೀಳುತ್ತದೆ, ಪಿಂಗಾಣಿ ಒಡೆಯುತ್ತದೆ, ಮಕ್ಕಳ ಸಾಮಾನು ಭಾರವಾಗಿ, ನೆಲಕ್ಕೆ ಕಚ್ಚಿಕೊಂಡಂತೆ ಇರಬೇಕು ಎಂಬುದು ಅವರ ಮೂವತ್ತು ವರ್ಷದ ಅನುಭವ. ಆ ಕಾಲದ ಶಾಲೆಗಳೂ ಹಾಗೇ ಯೋಚಿಸಿ ಬೆಂಚುಗಳನ್ನು ನೆಲಕ್ಕೆ ಬಿಗಿದಿದ್ದವು. ಡಾಕ್ಟರ್ ಅವರ ವಾದ ಇದರ ತಲೆಕೆಳಗು. ಕುರ್ಚಿ ಬಿದ್ದು ಸದ್ದು ಮಾಡಲಿ. ತನ್ನ ನಡಿಗೆ ಒರಟಾಯಿತು ಎಂದು ಮಗುವಿಗೆ ಆ ಕುರ್ಚಿಯೇ ಹೇಳಿಕೊಡುತ್ತದೆ, ದೊಡ್ಡವರು ಗದರಬೇಕಿಲ್ಲ. ಒಡೆಯುವ ವಸ್ತುವನ್ನು ಹಿಡಿದ ಮಗು ಎಚ್ಚರದಿಂದ ಹೆಜ್ಜೆ ಇಡುವುದನ್ನು ಕಲಿಯುತ್ತದೆ, ಒಡೆಯದ ತಟ್ಟೆ ಏನನ್ನೂ ಕಲಿಸುವುದಿಲ್ಲ. ಅಬ್ಬಾ ತಲೆ ಅಲ್ಲಾಡಿಸಿ ಎದ್ದು ಹೋದರು. ಮಾರನೆಯ ದಿನ ಚಹಾ ಕುಡಿಯುತ್ತಾ, ಆ ಮೇಜಿನ ಎತ್ತರ ಎಷ್ಟಿತ್ತು ಎಂದು ಅವರೇ ಕೇಳಿದರು.

ಆ ಮನೆಯಲ್ಲಿ ನಡೆದ ಸಣ್ಣ ಸಣ್ಣ ಸಂಗತಿಗಳೇ ನನಗೆ ಬಹಳ ಇಷ್ಟ. ಮರದ ದಿಮ್ಮಿಯಲ್ಲಿ ಬೇರೆ ಬೇರೆ ದಪ್ಪದ ರಂಧ್ರಗಳು, ಅವಕ್ಕೆ ಸರಿಯಾಗಿ ಕೂರುವ ಮರದ ಬಿಲ್ಲೆಗಳು. ಮೂರು ವರ್ಷದ ಒಬ್ಬಳು ಅವನ್ನು ತೆಗೆದು ಕಲಸಿ ಮತ್ತೆ ಕೂರಿಸುತ್ತಿದ್ದಳು. ಡಾಕ್ಟರ್ ಎಣಿಸತೊಡಗಿದರು. ಪಕ್ಕದಲ್ಲಿ ಉಳಿದ ಮಕ್ಕಳಿಂದ ಹಾಡಿಸಿದರು, ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲೆ ಇಟ್ಟರು. ಅವಳು ದಿಮ್ಮಿಯನ್ನು ತೊಡೆಯ ಮೇಲೆ ಅವಚಿಕೊಂಡು ಕೆಲಸ ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ನಿದ್ದೆಯಿಂದ ಎದ್ದವಳಂತೆ ಸಮಾಧಾನದಿಂದ ನಿಲ್ಲಿಸಿದಳು. ಕಳೆದ ವರ್ಷ ಕಾಲೇಜು ಪ್ರವಾಸದಲ್ಲಿ ಮೈಸೂರಿಗೆ ಹೋಗುವಾಗ ಚನ್ನಪಟ್ಟಣದಲ್ಲಿ ನಾವೆಲ್ಲ ಇಳಿದು ಗೊಂಬೆ ಕೊಂಡೆವಲ್ಲ, ಅಲ್ಲಿ ಆಲೆ ಮರವನ್ನು ಕಡೆದು, ತಿರುಗುವಾಗಲೇ ಬಣ್ಣದ ಅರಗು ಹಚ್ಚಿ ಮಾಡುವ ಉಂಗುರ, ಬಿಲ್ಲೆಗಳು ಇಂಥ ಕೈಗಳಿಗೆ ಹೇಳಿ ಮಾಡಿಸಿದಂತಿವೆ. ನಾನು ಆಗ ಕೊಂಡದ್ದು ಒಂದು ಕೀ ಚೈನು!

ಇನ್ನೊಂದು ದಿನ ಡಾಕ್ಟರ್ ಮಕ್ಕಳಿಗೆ ಮೂಗು ಒರೆಸಿಕೊಳ್ಳುವುದು ಹೇಗೆಂದು, ಸದ್ದಾಗದಂತೆ ಕರವಸ್ತ್ರ ಮಡಿಸಿ, ಮಾಡಿ ತೋರಿಸಿದರು. ಮಕ್ಕಳು ನಗುತ್ತಾರೆ ಎಂದುಕೊಂಡಿದ್ದರು. ಅವರೆಲ್ಲ ಚಪ್ಪಾಳೆ ತಟ್ಟಿದರು. ಮೂಗು ಸೋರುತ್ತದೆ ಎಂದು ಅವರನ್ನು ಎಲ್ಲರೂ ಬೈದಿದ್ದರು, ಒರೆಸುವುದು ಹೇಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಬೆಲೆಬಾಳುವ ಗೊಂಬೆಗಳನ್ನು ಕೆಲವರು ಆ ಮಕ್ಕಳಿಗೆ ದಾನ ಕೊಟ್ಟಿದ್ದರು. ಅವು ಅಲ್ಲೇ ಕೂತಿದ್ದವು. ಮಕ್ಕಳು ಹೋಗುತ್ತಿದ್ದದ್ದು ಗುಡಿಸುವುದಕ್ಕೆ, ನೀರು ಸುರಿಯುವುದಕ್ಕೆ, ಗುಂಡಿ ಹಾಕುವುದಕ್ಕೆ, ಬಿಲ್ಲೆ ಕೂರಿಸುವುದಕ್ಕೆ.

ಆಮೇಲಿನ ಕೀರ್ತಿಯ ವರ್ಷಗಳನ್ನು ಬೇಗ ಹೇಳುತ್ತೇನೆ, ಪರೀಕ್ಷೆಗೆ ಬೇಕಾದವರು ಗುರುತು ಹಾಕಿಕೊಳ್ಳಿ. 1909ರಲ್ಲಿ ಅವರ ಪದ್ಧತಿಯ ಪುಸ್ತಕ ಬಂತು, ಹಲವು ಭಾಷೆಗಳಿಗೆ ಹೋಯಿತು. 1913ರಲ್ಲಿ ಅಮೆರಿಕ ಪ್ರವಾಸ. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಗಳ ತರಗತಿಯೊಂದನ್ನು ಕಟ್ಟಿದ್ದರು. ಹೊರಗೆ ಜನ ಕೂತು ನೋಡುತ್ತಿದ್ದರೂ ಒಳಗಿನ ಮಕ್ಕಳು ತಲೆ ಎತ್ತದೆ ತಮ್ಮ ಕೆಲಸ ಮಾಡುತ್ತಿದ್ದರಂತೆ. ಈ ನಡುವೆ 1912ರ ಕೊನೆಗೆ ತಾಯಿ ರೆನಿಲ್ಡೆ ತೀರಿಕೊಂಡರು. ಅದಾದ ಮೇಲೆ, ಹದಿನೈದರ ಆಸುಪಾಸಿನ ಮಾರಿಯೊ ತಾಯಿಯ ಹತ್ತಿರ ಬಂದು ಸೇರಿದ. ಆಗಲೂ ಹೊರಗಿನವರಿಗೆ ಅವನನ್ನು ಸೋದರಳಿಯ ಎಂದೋ ಸಾಕುಮಗ ಎಂದೋ ಪರಿಚಯಿಸಬೇಕಾಯಿತು. ಅಲ್ಲಿಂದ ಅವನು ತಾಯಿಯ ಕೆಲಸ ಬಿಟ್ಟು ಕದಲಲಿಲ್ಲ. 1931ರಲ್ಲಿ ಲಂಡನ್ನಿನಲ್ಲಿ ಅವರ ತರಬೇತಿ ಕೇಂದ್ರಕ್ಕೆ ಗಾಂಧೀಜಿ ಬಂದು ಮಾತನಾಡಿದರು. ಇಟಲಿಯಲ್ಲಿ ಮುಸೊಲಿನಿ ಮೊದಲು ಅವರ ಶಾಲೆಗಳಿಗೆ ಸಹಾಯ ಕೊಟ್ಟ, ಅವರೂ ಪಡೆದರು. ಇದು ಅವರ ಬದುಕಿನ ಕಲೆ ಎಂದೇ ನನ್ನ ಅಭಿಪ್ರಾಯ. ಮಕ್ಕಳನ್ನು ತನ್ನ ಸೈನಿಕರನ್ನಾಗಿ ಮಾಡಬೇಕೆಂಬುದು ಅವನ ಆಸೆ. ಅದು ಇವರಿಂದ ಆಗುವ ಕೆಲಸವಲ್ಲ. 1934ರಲ್ಲಿ ಸಂಬಂಧ ಮುರಿದು ಅವರು ದೇಶ ಬಿಟ್ಟರು, ಶಾಲೆಗಳು ಮುಚ್ಚಿದವು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಅಲ್ಲಿಂದಲೂ ಅಟ್ಟಿತು.

ಹೀಗೆ ಮನೆ ಇಲ್ಲದಂತಾದ ಹೊತ್ತಿಗೆ ಭಾರತದಿಂದ ಕರೆ ಬಂತು. ಮದ್ರಾಸಿನ ಅಡ್ಯಾರಿನಲ್ಲಿದ್ದ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಮತ್ತು ಅವರ ಪತ್ನಿ, ನೃತ್ಯಗಾತಿ ರುಕ್ಮಿಣಿ ದೇವಿ ಆಹ್ವಾನಿಸಿದ್ದರು. 1939ರ ನವೆಂಬರಿನಲ್ಲಿ ತಾಯಿ ಮಗ ಬಂದಿಳಿದರು. ಆಗ ಮರಿಯಾಗೆ ಅರವತ್ತೊಂಬತ್ತು ವರ್ಷ. ಗರಿ ಹೊದಿಸಿದ ಚಪ್ಪರಗಳಲ್ಲಿ ತರಬೇತಿ, ಸುಮಾರು ಮುನ್ನೂರು ಜನ ಕಲಿಯುವವರು. ಕೆಲವು ತಿಂಗಳ ಮಟ್ಟಿಗೆ ಎಂದು ಬಂದಿದ್ದರು. 1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿಯಿತು. ಬ್ರಿಟಿಷ್ ಸರ್ಕಾರಕ್ಕೆ ಇವರಿಬ್ಬರೂ ಶತ್ರು ದೇಶದವರಾದರು. ಮಾರಿಯೊನನ್ನು ಹಿಡಿದು ಅಹ್ಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ತಾಯಿ ಅಡ್ಯಾರಿನ ಆವರಣ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ.

1940ರ ಆಗಸ್ಟ್ 31ರಂದು ಅವರಿಗೆ ಎಪ್ಪತ್ತು ತುಂಬಿತು. ಅಂದು ವೈಸ್‌ರಾಯ್ ಕಡೆಯಿಂದ ತಂತಿ ಬಂತು. ಹುಟ್ಟುಹಬ್ಬದ ಉಡುಗೊರೆಯಾಗಿ ಅವರ ಮಗನನ್ನು ಬಿಡುಗಡೆ ಮಾಡಲಾಗಿದೆ ಎಂಬುದು ಅದರ ಒಕ್ಕಣೆ. ಮಗ! ನಲವತ್ತೆರಡು ವರ್ಷ ಮುಚ್ಚಿಟ್ಟುಕೊಂಡು ಬಂದ ಪದವನ್ನು ಪರದೇಶದ ಸರ್ಕಾರ ಬಹಿರಂಗವಾಗಿ ಬರೆದಿತ್ತು. ಅದೂ ನಮ್ಮ ನೆಲದಲ್ಲಿ, ಯುದ್ಧದ ನಡುವೆ. ಈ ಭಾಗವನ್ನು ಅಮ್ಮಿಗೆ ಹೇಳಿದಾಗ ಅವರು ಒಲೆಯ ಮುಂದಿನಿಂದ ಎದ್ದು ಬಂದು ಇನ್ನೊಮ್ಮೆ ಹೇಳಿಸಿಕೊಂಡರು.

ಮುಂದೆ ಅವರಿಗೆ ಕೊಡೈಕೆನಾಲ್‌ನಲ್ಲಿ ಇರಲು ಅವಕಾಶ ಸಿಕ್ಕಿತು. ಅಲ್ಲಿ ಸ್ವಲ್ಪ ದೊಡ್ಡ ಮಕ್ಕಳ ಜೊತೆ ಕೆಲಸ ಮಾಡಿದರು. ಅಹಮದಾಬಾದ್, ಕರಾಚಿ, ಸಿಲೋನ್‌ಗಳಲ್ಲಿ ಪಾಠ ಹೇಳಿದರು. ಸಾವಿರಕ್ಕೂ ಹೆಚ್ಚು ಶಿಕ್ಷಕರು ಅವರ ಕೈಯಲ್ಲಿ ತಯಾರಾದರು. ನಮ್ಮ ದೇಶದ ಎಷ್ಟೋ ಮಾಂಟೆಸ್ಸರಿ ಶಾಲೆಗಳಲ್ಲಿ ಇಂದಿಗೂ ಕುರ್ಚಿಯ ಬದಲು ಚಾಪೆ, ಮಣೆಯಂಥ ಕುಳ್ಳ ಮೇಜು ಇರುತ್ತದೆ. ಅಳತೆ ಮಗುವಿನದಾಗಿರಬೇಕು, ಇಟಲಿಯದಾಗಿರಬೇಕಿಲ್ಲ. 1949ರಲ್ಲಿ ಅವರು ಯುರೋಪಿಗೆ ಮರಳಿದರು. ನೊಬೆಲ್ ಶಾಂತಿ ಪ್ರಶಸ್ತಿಗೆ ಮೂರು ಸಲ ಹೆಸರು ಹೋಗಿತ್ತು, ಬರಲಿಲ್ಲ. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ಕಡಲ ತೀರದ ನೂರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಆಗ ಅವರಿಗೆ ಎಂಬತ್ತೊಂದು ವರ್ಷ. ಸಮಾಧಿಯೂ ಅಲ್ಲೇ. ಇಟಲಿ ಅವರನ್ನು ಮರೆಯಲಿಲ್ಲ, 1990ರಲ್ಲಿ ಸಾವಿರ ಲಿರಾ ನೋಟಿನ ಮೇಲೆ ಅವರ ಮುಖ ಅಚ್ಚಾಯಿತು.

ಪ್ರಾಜೆಕ್ಟ್ ಬರೆಯುವಾಗ ಗೆಳತಿಯರನ್ನು ಕೇಳಿದೆ, ನಿಮ್ಮ ಮನೆಯ ಸಣ್ಣವರಿಗೆ ಆಡಲು ಜಾಗ ಎಲ್ಲಿ ಎಂದು. ಹೊಳಲ್ಕೆರೆ ಕಡೆಯವಳ ಮನೆಯಲ್ಲಿ ಅಡಿಕೆ ಕೊಯ್ಲು ಬಂದರೆ ಅಂಗಳ, ಪಡಸಾಲೆ ಎಲ್ಲ ಅಡಿಕೆಯದೇ, ಮಕ್ಕಳು ಅದರ ಬದಿಯಲ್ಲಿ. ಹೊಸದುರ್ಗದವಳ ಮನೆಯಲ್ಲಿ ತೆಂಗಿನಕಾಯಿ ರಾಶಿಯ ಹಿಂದೆ ಮಕ್ಕಳದೊಂದು ಗುಟ್ಟಿನ ಗೂಡು ಇದೆ, ದೊಡ್ಡವರಿಗೆ ಪ್ರವೇಶವಿಲ್ಲ. ಹಳ್ಳಿಯಿಂದ ಬರುವ ಇನ್ನೊಬ್ಬಳು ಪಂಚಾಯಿತಿಯ ಕೂಸಿನ ಮನೆಯ ಮಾತು ತೆಗೆದಳು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆ ಸರ್ಕಾರ ತೆರೆದಿರುವ ಜಾಗ ಅದು. ಹೆಸರು ಕೇಳಿ ನನಗೆ ಸ್ಯಾನ್ ಲೊರೆಂಜೊ ನೆನಪಾಯಿತು. ಅಲ್ಲಿಯ ತಾಯಂದಿರೂ ಕೂಲಿಗೆ ಹೋಗುವವರೇ.

ಹಿರಿಯೂರಿನ ಕಥೆ ಬೇರೆ. ಅಬ್ಬಾ ಆಗ ಅಲ್ಲಿ ಹೊಸ ಮನೆಯೊಂದರಲ್ಲಿ ಮಗುವಿನ ಕೋಣೆ ಮಾಡುತ್ತಿದ್ದರು. ಕಾರಿನ ಆಕಾರದ ಮಂಚ, ಸೀಲಿಂಗಿನಲ್ಲಿ ನಕ್ಷತ್ರ, ನೆಲದಿಂದ ಮೇಲಿನವರೆಗೆ ಬಣ್ಣದ ಮೈಕಾ ಹಚ್ಚಿದ ವಾರ್ಡ್‌ರೋಬು. ಫೋನಿನಲ್ಲಿ ಚಿತ್ರ ತೋರಿಸಿದಾಗ ನನ್ನ ತಮ್ಮ ಕಣ್ಣು ಅರಳಿಸಿದ, ನನಗೂ ಆಸೆಯಾಯಿತು. ಆದರೆ ಬೊಂಬೆಗಳೆಲ್ಲ ಐದು ಅಡಿ ಎತ್ತರದ ಗಾಜಿನ ಕಪಾಟಿನಲ್ಲಿದ್ದವು. ಬೇಕಾದರೆ ದೊಡ್ಡವರನ್ನು ಕರೆಯಬೇಕು. ಆ ಮನೆಯ ಮಗು ದಿನವಿಡೀ ಅಬ್ಬಾನ ಹಿಂದೆಯೇ ಸುತ್ತುತ್ತಾ, ರಂದ ಹೊಡೆದಾಗ ಉದುರುವ ಸುರುಳಿಗಳನ್ನು ಆರಿಸಿ ಡಬ್ಬಿಗೆ ತುಂಬಿಕೊಳ್ಳುತ್ತಿತ್ತಂತೆ.

ಒಂದು ಭಾನುವಾರ ಅಬ್ಬಾ ತಮ್ಮನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಟೇಪು ಹಿಡಿದರು. ಮೂರು ಅಡಿ ಮೂರು ಇಂಚು. ಉಳಿಕೆ ಪ್ಲೈವುಡ್ಡಿನಲ್ಲಿ ಎರಡು ಅಡಿ ಎತ್ತರದ, ಬಾಗಿಲಿಲ್ಲದ ಎರಡು ಅಂತಸ್ತಿನ ಕಪಾಟು ಮಾಡಿದರು. ಅಂಚುಗಳನ್ನು ಉಪ್ಪುಕಾಗದದಲ್ಲಿ ತಿಕ್ಕಿ ದುಂಡಗೆ ಮಾಡಿ, ಮೇಲೆ ಹತ್ತಿದರೆ ಬೀಳದಂತೆ ಗೋಡೆಗೆ ಸ್ಕ್ರೂ ಬಿಗಿದರು. ಅದಕ್ಕೆ ಮಾತ್ರ ಮಾಲೀಕರ ಅನುಮತಿ ಕೇಳಿದೆವು, ಕೊಟ್ಟರು. ಹಳೆಯ ಪ್ಲೈವುಡ್ ತುಂಡಿಗೆ ಕಪ್ಪು ಬಣ್ಣ ಬಳಿದು ಗೀಚಿದ ಗೋಡೆಯ ಮೇಲೇ ನಿಲ್ಲಿಸಿದೆವು. ಅವನ ಎದೆಮಟ್ಟಕ್ಕೆ ಒಂದು ಮೊಳೆ, ಅದರಲ್ಲಿ ಅವನ ಟವೆಲ್ಲು. ಜಾಗಕ್ಕಾಗಿ ಅಕ್ಕಿ ಡ್ರಮ್ಮು ನಾನಿಯ ಮಂಚದ ಪಕ್ಕಕ್ಕೆ ಹೋಯಿತು. ನಾನಿ ಎರಡು ದಿನ ಗೊಣಗಿದರು. ಈಗ ಹುಣಸೆಬೀಜ, ಅವರೆಕಾಳು ಬೇರೆ ಬೇರೆ ಬಟ್ಟಲಿಗೆ ಆರಿಸುವ ಕೆಲಸವನ್ನು ಅವನಿಗೆ ಅವರೇ ಕೊಡುತ್ತಾರೆ. ಬೀಜ ಬಾಯಿಗೆ ಹಾಕದಂತೆ ಅವರ ಕಣ್ಣು ಅವನ ಮೇಲೇ ಇರುತ್ತದೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸೀಮೆಸುಣ್ಣ ಮುಗಿದ ದಿನ ಪೆನ್ಸಿಲ್ ಮತ್ತೆ ಗೋಡೆಗೆ ಹೋಗುತ್ತದೆ. ಒಂದು ಪಿಂಗಾಣಿ ಕಪ್ಪು ಒಡೆಯಿತು, ಅಮ್ಮಿಯ ಮದುವೆಯ ಸೆಟ್ಟಿನದು. ನಾನು ಓದುವಾಗ ಅವನು ಈಗಲೂ ಬಂದು ನನ್ನ ಪುಸ್ತಕ ಎಳೆಯುತ್ತಾನೆ. ನಾನು ಕೈ ಎತ್ತುವುದನ್ನು ಬಿಟ್ಟಿದ್ದೇನೆ. ಬಾಗಿಲ ಸಂದಿಯಲ್ಲಿ ಅವನು ಕೂರುವುದೂ ನಿಂತಿದೆ.

ಅಬ್ಬಾ ಮತ್ತೆ ಹಿರಿಯೂರಿಗೆ ಹೋದಾಗ, ಆ ಗಾಜಿನ ಕಪಾಟಿನ ಕೆಳಗಿನ ಎರಡು ಅಂತಸ್ತುಗಳನ್ನಾದರೂ ತೆರೆದಿಡೋಣ ಎಂದು ಮನೆಯವರನ್ನು ಕೇಳಿದರಂತೆ. ಎರಡಕ್ಕೆ ಒಪ್ಪಲಿಲ್ಲ, ನೋಟ ಕೆಡುತ್ತದೆ ಎಂದರು. ಒಂದಕ್ಕೆ ಒಪ್ಪಿದರು. ಅಬ್ಬಾ ಗಾಜು ತೆಗೆಯುವ ಮೊದಲು ಆ ಮಗುವನ್ನು ಕರೆದು, ಕಪಾಟಿಗೆ ಒರಗಿಸಿ ನಿಲ್ಲಿಸಿ, ಎಟುಕುವಷ್ಟು ಕೈ ಚಾಚಲು ಹೇಳಿ, ಅಲ್ಲಿಗೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದರು.